ನಡುವಿನ ಪಿಂಡ

ಒದ್ದೆ ಪಂಚೆ ತೊಡೆಗೆ ಅಂಟಿಕೊಂಡು ಚಳಿ ಮೂಳೆಗಿಳಿಯುತ್ತಿತ್ತು. ಫೆಬ್ರವರಿಯ ದಿಲ್ಲಿಯಲ್ಲಿ ತಣ್ಣೀರು ಮಿಂದು ಒದ್ದೆ ಬಟ್ಟೆಯಲ್ಲೇ ನಿಲ್ಲಬೇಕೆಂದು ನಿಯಮ ಮಾಡಿದವನನ್ನು ತಂದು ಈ ಮೊಸಾಯಿಕ್ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಿಸಬೇಕು ಎಂದುಕೊಂಡ ರಘುನಂದನ. ಅವನ ಕೈಯಲ್ಲಿ ತಾಮ್ರದ ತಂಬಿಗೆ ಇತ್ತು. ಪುರೋಹಿತರು ಕಣ್ಣಲ್ಲೇ ಸನ್ನೆ ಮಾಡಿದಾಗ ಅಪ್ಪನ ಅಂಗೈಗೆ ನೀರು ಬಿಡುವುದಷ್ಟೇ ಅವನ ಕೆಲಸ. ಮಠದ ಹಿಂಬದಿಯ ಈ ಹಜಾರವನ್ನು ದಿಲ್ಲಿಯ ಕನ್ನಡದ ಮನೆಗಳವರು ತಿಥಿಗೂ ಶುಭಕಾರ್ಯಕ್ಕೂ ಹಿಡಿಯುತ್ತಿದ್ದರು. ಗೋಡೆಗೆ ಒರಗಿಸಿದ ಮಡಚುವ ಮೇಜುಗಳು, ಮೂಲೆಯಲ್ಲಿ ಹಿಂದಿನ ದಿನದ ಯಾರದೋ ನಾಮಕರಣದ ಬಲೂನು. ಹಿಂದಿನ ಸಾಲಿನಲ್ಲಿ ಸೋದರತ್ತೆಯ ಗಂಡ ಇಂದುಶೇಖರ ರೇಷ್ಮೆ ಶಲ್ಯ ಹೊದ್ದು ಕೂತಿದ್ದ. ಕಂಬದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿ ಸುಶೀಲಮ್ಮ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಕೂತಿದ್ದಳು. ಅಜ್ಜ ಶಂಕರಯ್ಯ ಸತ್ತು ಒಂದು ವರ್ಷವಾಗಿತ್ತು. ಇವತ್ತು ಅವನ ಮೊದಲ ವರ್ಷದ ಶ್ರಾದ್ಧ. ಎಲ್ಲಕ್ಕಿಂತ ರಘುವಿಗೆ ಮೈ ಉರಿಯುತ್ತಿದ್ದದ್ದು ಅಪ್ಪನ ದನಿಗೆ. ಚಂದ್ರಮೋಹನನ ದನಿ ಇವತ್ತು ಗಟ್ಟಿಯಾಗಿತ್ತು. ಸಂಕಲ್ಪವನ್ನು ಅವನು ಪುರೋಹಿತರಿಗಿಂತ ಅರ್ಧ ಮಾತು ಮುಂದೆಯೇ ಹೇಳಿಬಿಡುತ್ತಿದ್ದ. ಪರೀಕ್ಷೆಯಲ್ಲಿ ಬರುವ ಪ್ರಶ್ನೆ ಮೊದಲೇ ಗೊತ್ತಿರುವ ಹುಡುಗನ ಹಾಗೆ.

ಹೋದ ವರ್ಷ ಇದೇ ಹಜಾರದಲ್ಲಿ ಆ ದನಿ ಗಂಟಲಿನಿಂದ ಮೇಲೆ ಬಂದಿರಲಿಲ್ಲ. ಹನ್ನೆರಡನೆಯ ದಿನದ ಸಪಿಂಡೀಕರಣ. ಸತ್ತವನನ್ನು ಅವನ ಹಿರಿಯರ ಜೊತೆ ಸೇರಿಸಬೇಕು. ಸೇರಿಸಲು ಆ ಹಿರಿಯರ ಹೆಸರು ಬೇಕು. ತಂದೆಯ ಹೆಸರು ಹೇಳಿ ಎಂದಾಗ ಅಪ್ಪ ಶಂಕರಯ್ಯ ಎಂದ. ತಂದೆಯ ತಂದೆ ಎಂದಾಗ ಸುಮ್ಮನಾದ. ಪುರೋಹಿತರು ಕಿವಿಗೆ ಕೇಳಿಸಲಿಲ್ಲವೇನೋ ಎಂಬಂತೆ ಇನ್ನೊಮ್ಮೆ, ಇನ್ನೂ ಜೋರಾಗಿ ಕೇಳಿದರು. ಇಂದುಶೇಖರ ಕೆಮ್ಮಿದ. ತನ್ನ ಏಳು ತಲೆಮಾರನ್ನು ಬಸ್ಸಿನ ನಿಲ್ದಾಣಗಳ ಹಾಗೆ ಒಪ್ಪಿಸಬಲ್ಲ ಮನುಷ್ಯ ಅವನು. ಗೊತ್ತಿಲ್ಲದಿದ್ದರೆ ಜನಾರ್ದನ ಅನ್ನಿ, ದೇವರ ಹೆಸರು ಯಾರಿಗಾದರೂ ಸಲ್ಲುತ್ತೆ ಎಂದು ಪುರೋಹಿತರು ದಾರಿ ತೋರಿಸಿದರು. ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರ್ ಚಂದ್ರಮೋಹನ ಯಾರಿಗೋ ಸಲ್ಲುವ ಆ ಹೆಸರನ್ನು ತುಟಿಯಲ್ಲೇ ಹೇಳಿ ಎಳ್ಳುನೀರು ಬಿಟ್ಟ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ ಇಷ್ಟೇ: ಅಜ್ಜ ಅನಾಥ, ಹೆತ್ತವರು ಇನ್‌ಫ್ಲುಯೆಂಝಾ ವರ್ಷ ಸತ್ತರು, ಊರಿನ ಶಾನುಭೋಗ ವೆಂಕಟಸುಬ್ಬಯ್ಯನವರು ದೊಡ್ಡ ಮನಸ್ಸು ಮಾಡಿ ಮನೆಗೆ ತಂದುಕೊಂಡರು, ತಮ್ಮದೇ ಗೋತ್ರ ಹೇಳಿ ಮುಂಜಿ ಮಾಡಿಸಿದರು, ಅವರ ಸತ್ತ ತಮ್ಮನ ಹೆಂಡತಿ, ತಲೆ ಬೋಳಿಸಿದ ಶಾಂತಮ್ಮ, ಆ ಮಗುವನ್ನು ಹೆತ್ತ ತಾಯಿಗಿಂತ ಹೆಚ್ಚಾಗಿ ಸಾಕಿದಳು. ಶಾನುಭೋಗರ ಒಳ್ಳೆಯತನಕ್ಕೆ ಸಾಕ್ಷಿಯಾಗಿ ಅಪ್ಪನ ಸರ್ಕಾರಿ ಕ್ವಾರ್ಟರ್ಸಿನ ಮುಂಗೋಣೆಯಲ್ಲಿ ಒಂದು ಸನ್ನದು ತೂಗುತ್ತಿತ್ತು. ೧೯೨೧ರ ಜನಗಣತಿಯಲ್ಲಿ ತಮ್ಮ ಊರನ್ನು ಚೊಕ್ಕವಾಗಿ ಎಣಿಸಿದ್ದಕ್ಕೆ ಮೈಸೂರು ಸರ್ಕಾರ ಅವರಿಗೆ ಕೊಟ್ಟದ್ದು. ಶಾನುಭೋಗರ ಮಗಳ ಮನೆಯವರನ್ನು ಕಾಡಿ ಬೇಡಿ ಅಪ್ಪ ಅದನ್ನು ತಂದು ಕಟ್ಟು ಹಾಕಿಸಿದ್ದ. ಅಜ್ಜ ಬದುಕಿರುವವರೆಗೂ ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದ. ಬೆನ್ನುನೋವು ಇರಬೇಕು ಎಂದುಕೊಂಡಿದ್ದರು.

ಆ ಸನ್ನದನ್ನು ನೋಡಿಯೇ ಅಪ್ಪನಿಗೆ ಹೊಳೆದದ್ದು. ಎಣಿಸಿದ್ದಾರೆ ಎಂದಮೇಲೆ ಬರೆದಿದ್ದಾರೆ, ಬರೆದಿದ್ದಾರೆ ಎಂದಮೇಲೆ ಎಲ್ಲೋ ಇದೆ. "ಸರ್ಕಾರ ಕಾಗದ ಎಸೆಯಲ್ಲ ಮರಿ" ಎಂದು ರಘುವಿಗೆ ಹೇಳಿದ್ದ, ಮೂವತ್ತು ವರ್ಷ ಫೈಲುಗಳಿಗೆ ಟ್ಯಾಗು ಕಟ್ಟಿದ ಮನುಷ್ಯನ ನಂಬಿಕೆಯಿಂದ. "ಶಾನುಭೋಗರ ಮನೆ ಸ್ಲಿಪ್ ತೆಗೆಸು. ಹುಡುಗ ಅಂತ ಬರೆದಿರ್ತಾರೆ, ಮುಂದೆ ಸನ್ ಆಫ್ ಅಂತ ಇದ್ದೇ ಇರುತ್ತೆ. ಹೇಗೂ ಲೈಬ್ರರಿಯಲ್ಲೇ ಬಿದ್ದಿರ್ತೀಯಲ್ಲ." ಮುನಿರ್ಕಾದ ಬಾಡಿಗೆ ಕೋಣೆಯಲ್ಲಿದ್ದು ಎಂ.ಫಿಲ್. ಮಾಡುತ್ತಿದ್ದ, ಎರಡು ಸಲ ಐ.ಎ.ಎಸ್. ಪ್ರಿಲಿಮ್ಸ್‌ನಲ್ಲಿ ಉರುಳಿದ್ದ ಮಗನಿಂದ ಅಪ್ಪ ಕೇಳಿದ್ದ ಒಂದೇ ಉಪಕಾರ ಅದು. ರಘು ಹೋದ. ಜನಗಣತಿ ಕಚೇರಿಯ ಗ್ರಂಥಾಲಯದ ಗುಮಾಸ್ತ ಚೀಟಿ ಓದಿ, ಅದರ ಮೇಲೆ ಚಹದ ಲೋಟ ಇಟ್ಟು, "ನಾಮ್? ನಾಮ್ ನಹೀ ಮಿಲೇಗಾ ಭಯ್ಯಾ. ಯಹಾಂ ಸಿರ್ಫ್ ನಂಬರ್ ಹೈ" ಎಂದ. ಹೆಸರಿಲ್ಲ, ಬರೀ ಅಂಕಿ. ಹೆಸರಿದ್ದ ಚೀಟಿಗಳನ್ನು ಕೂಡಿ ಮುಗಿಸಿದ ಮೇಲೆ ಆಗಲೇ ನಾಶ ಮಾಡಿದ್ದಾರೆ, ಎಲ್ಲ ಸಲವೂ ಹಾಗೆಯೇ ಎಂದು ಹೇಳಿ, ನಂಬಿಕೆ ಬಾರದೆ ನಿಂತ ರಘುವಿನ ಮುಂದೆ ಮೈಸೂರು ಸಂಸ್ಥಾನದ ಹಳೆಯ ಸಂಪುಟಗಳನ್ನು ತಂದು ಒಗೆದ. ಧೂಳಿಗೆ ಮೂಗು ಕಟ್ಟಿತು. ಪುಟದಿಂದ ಪುಟಕ್ಕೆ ಅಂಕಿಗಳು. ಹೆಣ್ಣು, ಗಂಡು, ಕುರುಡರು, ಕಿವುಡರು, ಇಂಗ್ಲಿಷ್ ಬಲ್ಲವರು. ಒಂದು ಕಾಲಂ ವಿಧವೆಯರದ್ದು, ವಯಸ್ಸಿನ ಪ್ರಕಾರ ಸೀಳಿ ಇಟ್ಟದ್ದು. ಐದು ವರ್ಷದೊಳಗಿನ ವಿಧವೆಯರಿಗೂ ಒಂದು ಸಾಲು. ಯಾರೋ ಮೂತಿ ಸೊಟ್ಟ ಮಾಡದೆ ಅದನ್ನು ಕೂಡಿ, ತಾಳೆ ನೋಡಿ, ಅಚ್ಚಿಗೆ ಕಳಿಸಿದ್ದ. ಇಪ್ಪತ್ತರಿಂದ ಇಪ್ಪತ್ತೈದರ ವಿಧವೆಯರು ಎಂಬ ಸಾಲಿನ ಮೇಲೆ ಅವನ ಬೆರಳು ನಿಂತಿತು. ಶಾಂತಮ್ಮ ಆ ಸಾಲಿನೊಳಗೆ ಎಲ್ಲೋ ಇದ್ದಿರಬೇಕು, ಯಾವುದೋ ಒಂದು ಅಂಕಿಯೊಳಗೆ. ಅಪ್ಪ ಹುಡುಕಲು ಕಳಿಸಿದ್ದು ಅವಳನ್ನಲ್ಲ. ಅವಳ ಹೆಸರು ಯಾವ ಮಂತ್ರಕ್ಕೂ ಬೇಕಾಗಿರಲಿಲ್ಲ. ವರದಿಯ ಪುಟದಲ್ಲಿ ಹಳ್ಳಿಗಳನ್ನು ಆಯಾ ಊರಿನ ಶಾನುಭೋಗರೇ ಮನೆಮನೆಗೆ ಹೋಗಿ ಬರೆದರು ಎಂದಿತ್ತು. ಆಮೇಲೆ ಚೀಟಿಯಲ್ಲಿ ಏನೇನು ಕೇಳಿದ್ದರು ಎಂಬ ಪಟ್ಟಿ: ಹೆಸರು, ಧರ್ಮ, ಗಂಡೋ ಹೆಣ್ಣೋ, ಮದುವೆ, ವಯಸ್ಸು, ಜಾತಿ, ಕಸುಬು, ಹುಟ್ಟಿದ ಜಿಲ್ಲೆ. ರಘು ಎರಡು ಸಲ ಓದಿದ. ತಂದೆಯ ಹೆಸರು ಅದರಲ್ಲಿ ಇರಲಿಲ್ಲ. ಕಾಗದ ಉಳಿದಿದ್ದರೂ ಅಪ್ಪನಿಗೆ ಬೇಕಾದದ್ದು ಅದರಲ್ಲಿ ಇರುತ್ತಿರಲಿಲ್ಲ. ಮೈಯೆಲ್ಲ ಧೂಳಾಗಿ ಹೊರಬಂದಾಗ ಅಳು ಬರಬೇಕಿತ್ತೋ ನಗು ಬರಬೇಕಿತ್ತೋ, ಬಂದದ್ದು ಸಿಟ್ಟು. ಬ್ಲೂಲೈನ್ ಬಸ್ಸಿನಲ್ಲಿ ಕಾಲು ತುಳಿದವನ ಕಾಲರ್ ಹಿಡಿಯುವಷ್ಟು ಸಿಟ್ಟು. ಹಿಡಿಯಲಿಲ್ಲ. ಅವನು ದಪ್ಪಗಿದ್ದ.

ಆ ಸಂಜೆ ಕ್ವಾರ್ಟರ್ಸಿಗೆ ಹೋದಾಗ ಅಜ್ಜಿ ಒಬ್ಬಳೇ ಇದ್ದಳು, ಬಿಸಿಲು ಹೋದ ಬಾಲ್ಕನಿಯಲ್ಲಿ ಬಟಾಣಿ ಸುಲಿಯುತ್ತಾ. ಸಿಗಲಿಲ್ಲ ಅಜ್ಜಿ, ಸರ್ಕಾರ ಅಪ್ಪನ ಹೆಸರು ಕೇಳಿಯೇ ಇರಲಿಲ್ಲವಂತೆ ಎಂದ. ಅಜ್ಜಿಯ ಕೈ ನಿಂತಿತು. "ಅದೇ ಮಾತು" ಎಂದಳು. ಯಾವ ಮಾತು ಎಂದ ರಘು. ಸಿಪ್ಪೆಗಳನ್ನು ಗುಡ್ಡೆ ಮಾಡಿದಳು, ಕೆಡಿಸಿದಳು. ಆಮೇಲೆ ತರಕಾರಿಯ ವಿಷಯ ಹೇಳಿದಷ್ಟೇ ನೀರಸವಾಗಿ ಹೇಳತೊಡಗಿದಳು. ಶಾನುಭೋಗರು ಊರೆಲ್ಲ ಬರೆದು ಕೊನೆಗೆ ತಮ್ಮ ಮನೆಯ ಜಗಲಿಗೆ ಬಂದು ಕೂತರಂತೆ. ಹೆಂಡತಿಯನ್ನು ಬರೆದರು, ಹೆಣ್ಣುಮಕ್ಕಳನ್ನು ಬರೆದರು. ಬಾಗಿಲ ಹಿಂದೆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದ ಶಾಂತಮ್ಮನ ಹೆಸರನ್ನು, ವಯಸ್ಸನ್ನು, ಗೊತ್ತೇ ಇಲ್ಲದವರ ಹಾಗೆ ಕೇಳಿ ಬರೆದರು. ಹುಡುಗನಿಗೆ ಬಂದಾಗ ಅನಾಥ, ಅನ್ನಕ್ಕಿರುವವನು ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಬರೆದರು. ಅಲ್ಲಿಯವರೆಗೆ ಅವರೆದುರು ಒಂದು ಮಾತೂ ಆಡದಿದ್ದ ಶಾಂತಮ್ಮ ಬಾಗಿಲ ಹಿಂದಿನಿಂದ, ಅಪ್ಪನ ಹೆಸರನ್ನೂ ಬರೆದುಬಿಡಿ ಭಾವಯ್ಯ ಎಂದಳಂತೆ. ಅವರು ಲೇಖನಿಯನ್ನು ಮಸಿಗೆ ಅದ್ದಿ, "ಸರ್ಕಾರ ಅದನ್ನ ಕೇಳೋದಿಲ್ಲ" ಎಂದರಂತೆ.

ರಘುವಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅಜ್ಜಿ ಅವನ ಮುಖ ನೋಡಲಿಲ್ಲ. "ಹಿತ್ತಲ ಕೋಣೆಗೆ ಚಿಲಕ ಇರಲಿಲ್ಲ" ಎಂದಳು. "ಅವಳಿಗೆ ಹದಿನೇಳೋ ಹದಿನೆಂಟೋ. ಅಕ್ಕನ ಊರಿಗೆ ಕಳಿಸಿದ್ರು, ಜ್ವರದ ವರ್ಷ ಮಗು ಸಮೇತ ಕರೆಸ್ಕೊಂಡ್ರು, ಯಾರದೋ ಸತ್ತವರದ್ದು ಅಂತ. ಆ ವರ್ಷ ಮನೆಗೊಂದು ಹೆಣ. ಯಾರು ಕೇಳ್ತಾರೆ." ತಾನು ಸೊಸೆಯಾಗಿ ಬಂದ ಮೇಲೆ ಶಾಂತತ್ತೆ ತನಗೊಬ್ಬಳಿಗೇ ಹೇಳಿದ್ದು, ದಿಲ್ಲಿಗೆ ಬಂದ ಮೇಲೆ ಲೋಧಿ ಕಾಲೊನಿಯ ಕ್ವಾರ್ಟರ್ಸಿನಲ್ಲಿ ಸಾಯುವ ಮುಂಚೆ ಇನ್ನೊಮ್ಮೆ ಹೇಳಿದ್ದು. "ಇದು ಇಲ್ಲೇ ಇರಲಿ ರಘು. ನಿಮ್ಮಪ್ಪನಿಗೆ ಸಿಗಲಿಲ್ಲ ಅನ್ನು, ಸಾಕು." ಅಜ್ಜಿ ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದಳು. ಅವನಿಗೆ ಕೂರಲಾಗಲಿಲ್ಲ. ಎದ್ದು ಚಪ್ಪಲಿ ಮೆಟ್ಟಿ ಹೊರಟುಬಿಟ್ಟ. ಮುನಿರ್ಕಾದವರೆಗೂ ನಡೆದ. ತನ್ನ ಅಂಗೈಯ ರೇಖೆ, ತನ್ನ ಗಿಣಿಮೂಗು, ಅಜ್ಜ ಶಾನುಭೋಗರನ್ನು ನೋಡಿ ಕಲಿತ ಅಕ್ಷರವೇ ಇದು ಎಂದು ಅಪ್ಪ ಹೊಗಳುತ್ತಿದ್ದ ತನ್ನ ದುಂಡು ಬರಹ, ಎಲ್ಲ ದಾರಿಯುದ್ದಕ್ಕೂ ಅವನ ಜೊತೆಗೇ ಬಂದವು.

ಆ ಮಾತು ಅಲ್ಲೇ ಉಳಿದಿದ್ದರೆ ಆಗುತ್ತಿತ್ತು. ನಿನ್ನೆ ಸಂಜೆ ಶ್ರಾದ್ಧದ ಸಾಮಾನು ಜೋಡಿಸುತ್ತ ಅಪ್ಪ ಅವನ ಮೇಲೆ ಹರಿಹಾಯ್ದ. ಒಂದು ಹೆಸರು ತರಲಾಗಲಿಲ್ಲ. ನಾಳೆ ಮತ್ತೆ ಇಂದುಶೇಖರನ ಮುಂದೆ ಜನಾರ್ದನ ಅನ್ನಬೇಕು. "ಯಾವುದನ್ನ ನೆಟ್ಟಗೆ ಮಾಡಿದ್ದೀಯಾ ನೀನು? ಪ್ರಿಲಿಮ್ಸೂ ಹಾಗೇ, ಇದೂ ಹಾಗೇ." ದರ್ಭೆಯ ಕಟ್ಟು ಬಿಚ್ಚುತ್ತಿದ್ದ ಅಪ್ಪನ ಬಿಳಿಗೂದಲಿನ ಕತ್ತಿನ ಮೇಲೆ ರಘುವಿನ ಕಣ್ಣು ನೆಟ್ಟಿತು. ಅಲ್ಲಿ ಹೊಡೆಯಬೇಕು ಅನ್ನಿಸಿತು. ಹೊಡೆಯುವ ಬದಲು ಹೇಳಿದ. ಚಿಲಕವಿಲ್ಲದ ಕೋಣೆಯನ್ನೂ ಬಿಡದೆ, ಒಂದೊಂದು ಮಾತನ್ನೂ ನಿಧಾನವಾಗಿ, ಗೋಡೆಯ ಸನ್ನದಿನ ಕಡೆ ಬೆರಳು ಮಾಡಿ ಹೇಳಿದ. ಹೇಳುವಾಗ ಅವನಿಗೆ ಸುಖವಾಯಿತು, ಅದನ್ನು ಈಗ ಅಲ್ಲಗಳೆದು ಪ್ರಯೋಜನವಿಲ್ಲ. ಅಪ್ಪ ಕುಸಿಯುತ್ತಾನೆ, ಆ ಸನ್ನದನ್ನು ಗೋಡೆಯಿಂದ ಕಿತ್ತು ಒಡೆಯುತ್ತಾನೆ, ಕಡೆಗೆ ಮಗನ ಕೆನ್ನೆಗೊಂದು ಬಾರಿಸುತ್ತಾನೆ ಎಂದು ಕಾದ. ಅಪ್ಪ ದರ್ಭೆ ಕೆಳಗಿಟ್ಟ. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದ. ಅವನ ತುಟಿ ಏನನ್ನೋ ಲೆಕ್ಕ ಹಾಕುವಂತೆ ಅಲುಗುತ್ತಿತ್ತು.

"ಅಂದ್ರೆ ಗೋತ್ರ ನಿಜವಾಗಿಯೂ ನಮ್ಮದೇ" ಎಂದ.

ರಘುವಿನ ಬೆರಳು ಇನ್ನೂ ಸನ್ನದಿನ ಕಡೆಗೇ ಇತ್ತು.

"ಭಾರದ್ವಾಜವೇ. ಸಾಲ ತಂದದ್ದಲ್ಲ." ಚಂದ್ರಮೋಹನನ ಕಣ್ಣಲ್ಲಿ ನೀರಿತ್ತು. "ಶಾನುಭೋಗರ ಅಪ್ಪನ ಹೆಸರೂ ಗೊತ್ತಿದೆ, ಅವರ ಅಪ್ಪನದ್ದೂ. ಮೂರೂ ಸಿಕ್ಕಿತಲ್ಲೋ. ಅಚ್ಛಾ ಹುವಾ. ನೀನು ಹೇಳಿದ್ದು ಒಳ್ಳೇದಾಯ್ತು, ಅಚ್ಛಾ ಹುವಾ." ಸಿಟ್ಟಿಗೂ ಸಂತೋಷಕ್ಕೂ ಹಿಂದಿಗೆ ಜಾರುವುದು ಅವನ ಅಭ್ಯಾಸ. ಆಮೇಲೆ ಕುರ್ಚಿ ಹತ್ತಿ ಸನ್ನದಿನ ಗಾಜನ್ನು ಒರೆಸಿದ. ಆಗಿನ ಕಾಲದಲ್ಲಿ ಇವೆಲ್ಲ ಇದ್ದದ್ದೇ, ದೊಡ್ಡ ಮನೆಗಳಲ್ಲಿ ಇದ್ದದ್ದೇ, ಆದರೂ ಬೀದಿಪಾಲು ಮಾಡದೆ ಮನೆಗೇ ತಂದುಕೊಂಡರಲ್ಲ ಎಂದು ಬಟ್ಟೆಯ ಜೊತೆ ಮಾತಾಡುವವನ ಹಾಗೆ ಹೇಳಿಕೊಳ್ಳುತ್ತಿದ್ದ.

ಈಗ ಪುರೋಹಿತರು ಅನ್ನ, ಎಳ್ಳು ಕಲಸಿ ಮೂರು ಉಂಡೆ ಕಟ್ಟಿಸಿ ದರ್ಭೆಯ ಮೇಲೆ ಸಾಲಾಗಿ ಇಡಿಸುತ್ತಿದ್ದರು. ಮೊದಲನೆಯದು ತಂದೆಗೆ. ನಡುವಿನದು ಪಿತಾಮಹನಿಗೆ. ಹೋದ ಸಲದ ನೆನಪಿದ್ದದ್ದರಿಂದಲೋ ಏನೋ ಪುರೋಹಿತರು, ಜನಾರ್ದನ ಅಂತ ಹೇಳಿ ಎಂದು ತಾವೇ ಮುಂದಾದರು. ಚಂದ್ರಮೋಹನ ಕೈಯೆತ್ತಿ ತಡೆದ. ಹಿಂದಿನ ಸಾಲಿಗೂ ಕೇಳುವಂತೆ, "ಪಿತಾಮಹಂ ವೆಂಕಟಸುಬ್ಬಯ್ಯ ಶರ್ಮಾಣಂ" ಎಂದ. ಇಂದುಶೇಖರನ ಶಲ್ಯ ಸದ್ದು ಮಾಡಿತು. ರಘು ನೀರು ಬಿಡಲಿಲ್ಲ. ಪುರೋಹಿತರು ಕಣ್ಣು ಸನ್ನೆ ಮಾಡಿದರು, ಆಮೇಲೆ ಗದರಿದರು. ಬಿಡಬಾರದು ಎಂದು ಅವನು ನಿಶ್ಚಯಿಸಿದ್ದ. ಆದರೆ ಗದರಿದ ಕೂಡಲೇ ಕೈ ತನ್ನಷ್ಟಕ್ಕೆ ಬಾಗಿತು. ನೀರು ಅಪ್ಪನ ಅಂಗೈಯಿಂದ ಹೆಬ್ಬೆರಳ ಬದಿಯಲ್ಲಿ ಇಳಿದು ನಡುವಿನ ಪಿಂಡದ ಮೇಲೆ ಬಿತ್ತು. ಹಿಂದೆ ಪ್ಲಾಸ್ಟಿಕ್ ಕುರ್ಚಿ ಕಿರ್ರೆಂದಿತು. ಅಜ್ಜಿ ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದಳು.

ಮೂರನೆಯ ಹೆಸರು ಮುಗಿದ ಮೇಲೆ ತಂಬಿಗೆಯನ್ನು ನೆಲಕ್ಕೆ ಕುಕ್ಕಿ ಅವನೂ ಹೊರಬಂದ. ಅಜ್ಜಿ ಚಪ್ಪಲಿಗಳ ನಡುವೆ ಮೆಟ್ಟಿಲ ಮೇಲೆ ಕೂತಿದ್ದಳು. ಎದುರಿನ ಗೇಟಿನಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಮೇಡಂ ದೊಡ್ಡ ಹಾಳೆಗಳನ್ನು ಎದೆಗೊತ್ತಿಕೊಂಡು ಕಾವಲುಗಾರನನ್ನು ಅವನ ಊರು, ವಯಸ್ಸು ಕೇಳುತ್ತಿದ್ದಳು. ಈ ವರ್ಷದ ಗಣತಿ ಶುರುವಾಗಿತ್ತು. ರಘು ಅಜ್ಜಿಯ ಪಕ್ಕ ಕೂರಲು ಹೋದ.

"ಬೇಡ" ಎಂದಳು ಅಜ್ಜಿ. "ಅಲ್ಲೇ ನಿಲ್ಲು."

ಅವನು ನಿಂತ. ಅಪ್ಪ ಹೀಗೆ ಮಾಡುತ್ತಾನೆಂದು ಗೊತ್ತಿರಲಿಲ್ಲ, ಅವನಿಗೆ ನಾಚಿಕೆಯಾಗಲಿ ಅಂತ ಹೇಳಿದೆ ಎಂದ.

"ನೀನು ಅರ್ಧ ಕೇಳಿ ಎದ್ದು ಹೋದವನು. ಗಂಡಸರಿಗೆ ಅರ್ಧ ಸಾಕು." ಅಜ್ಜಿಯ ದನಿ ಏರಲಿಲ್ಲ. "ಶಾನುಭೋಗರಿಗೆ ಗಂಡುಮಕ್ಕಳಿರಲಿಲ್ಲ. ಗೊತ್ತಾ ನಿನಗೆ?"

ಗೊತ್ತಿತ್ತು. ಅದರ ಬಗ್ಗೆ ಯೋಚಿಸಿರಲಿಲ್ಲ.

"ಸಾಯೋ ಹೊತ್ತಿಗೆ ಅವರಿಗೆ ಹೆದರಿಕೆ ಹತ್ತಿತು. ಹೆಂಡತಿಯನ್ನ ಆಚೆ ಕಳಿಸಿ ಶಾಂತತ್ತೆಯನ್ನ ಕರೆಸಿದರು. ಶಂಕರನ ಕೈಲಿ ಬೆಂಕಿ ಕೊಡಿಸು, ವರ್ಷಕ್ಕೊಂದು ಪಿಂಡ ಹಾಕಿಸು, ಊರೆದುರು ಮಗ ಅಂತ ಹೇಳ್ತೀನಿ, ಹೊಲ ಬರೀತೀನಿ ಅಂತ ಕೈ ಮುಗಿದರು. ಅವಳು ಬಾಗಿಲಲ್ಲೇ ನಿಂತು ಏನಂದಳು ಗೊತ್ತಾ? ಅವನು ಅನಾಥ ಅಂತ ನೀವೇ ಬರೆದಿದ್ದೀರಿ, ಸರ್ಕಾರದ ಕಾಗದ, ತಿದ್ದೋಕಾಗಲ್ಲ ಅಂದಳು." ಅಜ್ಜಿ ಸೆರಗಿನ ತುದಿಯಿಂದ ಮೂಗು ಒರೆಸಿದಳು. "ಅವಳ ಕೈಲಿ ಇದ್ದದ್ದು ಅದೊಂದೇ. ಆ ಹೆಸರನ್ನ ಬಾಯೊಳಗೆ ಇಟ್ಕೊಂಡು ಸತ್ತಳು, ಆ ಮನುಷ್ಯನಿಗೆ ಒಂದು ಅಗಳು ಹೋಗಬಾರದು ಅಂತ. ಯಾರೂ ಹೇಳದಿದ್ದರೂ ನಿಮ್ಮಜ್ಜನಿಗೂ ಗೊತ್ತಿತ್ತು. ಬದುಕಿರೋವರೆಗೂ ತಿಥಿಯಲ್ಲಿ ಅಪ್ಪನ ಹೆಸರಿಗೆ ಜನಾರ್ದನ ಅಂದ, ಬಾಯಿ ಬಿಡಲಿಲ್ಲ. ಈಗ ನೀನು ಆ ಶಾನುಭೋಗನನ್ನೇ ಊಟಕ್ಕೆ ಕರೆದೆ."

ಒಳಗಿನಿಂದ ಅಪ್ಪ ಕೂಗಿದ. ಪಿಂಡಗಳನ್ನು ಯಮುನೆಗೆ ಬಿಟ್ಟು ಬರಬೇಕು, ಅದು ಮೊಮ್ಮಗನ ಕೆಲಸ. ಸ್ಟೀಲ್ ತಟ್ಟೆಯ ಮೇಲೆ ಬಾಳೆ ಎಲೆ, ಎಲೆಯ ಮೇಲೆ ಮೂರು ಉಂಡೆ, ಮೇಲೊಂದು ತಟ್ಟೆ ಮುಚ್ಚಿ ಚಂದ್ರಮೋಹನ ಅದನ್ನು ಮಗನ ಕೈಗಿಟ್ಟ. ಅವನ ಹಣೆಯ ಮೇಲೆ ಬೆವರಿತ್ತು. ಇಂದುಶೇಖರ ಅವನ ಹಿಂದೆ ನಿಂತು, ಏನ್ರೀ ಭಾವ, ಇದ್ದಕ್ಕಿದ್ದ ಹಾಗೆ ಶಾನುಭೋಗರ ವಂಶ ಎಂದು ಹಲ್ಲು ಕಿರಿಯುತ್ತಿದ್ದ. ಚಂದ್ರಮೋಹನ ಅದಕ್ಕೆ, ರೆಕಾರ್ಡ್ಸ್ ಸಿಕ್ಕಿತು, ರಘು ತೆಗೆಸಿದ ಎಂದು ಹೆಮ್ಮೆಯಿಂದ ಉತ್ತರ ಕೊಡುತ್ತಿದ್ದ. ಹುಟ್ಟಿದಾಗಿನಿಂದ ಅಪ್ಪ ಅವನ ಬಗ್ಗೆ ಅಷ್ಟು ಹೆಮ್ಮೆಯಿಂದ ಮಾತಾಡಿದ್ದು ಅದೇ ಮೊದಲು. ಅಜ್ಜಿ ತಾನೂ ಬರುತ್ತೇನೆ ಎಂದು ಯಾರ ಮಾತೂ ಕೇಳದೆ ಆಟೋ ಹತ್ತಿದಳು.

ರಿಂಗ್ ರೋಡಿನ ಗುಂಡಿಗಳಲ್ಲಿ ಆಟೋ ಎಗರಿ ಎಗರಿ ಓಡಿತು. ರಘು ತಟ್ಟೆಯನ್ನು ಮಡಿಲಲ್ಲಿ ಒತ್ತಿ ಹಿಡಿದಿದ್ದ. ಅಜ್ಜಿ ಹೊರಗೆ ನೋಡುತ್ತಿದ್ದಳು. ಕ್ಷಮೆ ಕೇಳಬೇಕು ಎನಿಸಿತು. ಕೇಳುವ ಮಾತೂ ಅಪ್ಪನ ಮಾತಿನ ಹಾಗೆಯೇ ತನಗೆ ಹಗುರವಾಗಲೆಂದು ಆಡುವ ಮಾತು ಎಂದು ಹೊಳೆಯಿತು. ಸರಾಯ್ ಕಾಲೇ ಖಾನ್ ದಾಟಿದ ಮೇಲೆ ರಸ್ತೆಯ ಪಕ್ಕ ಕಸದ ದಿಬ್ಬ, ಅದರ ಮೇಲೆ ಕಪ್ಪು ಹಂದಿಗಳು ಮೂತಿ ಹೂತು ಮೇಯುತ್ತಿದ್ದವು. ಅವನಿಗೆ ಏನು ಮಾಡಬೇಕೆಂದು ಆಗ ಗೊತ್ತಾಯಿತು. ಆಟೋ ನಿಲ್ಲಿಸಿದ. ಯಮುನೆ ಇನ್ನೂ ಮುಂದಿದೆ ಭಯ್ಯಾ ಎಂದ ಡ್ರೈವರ್. ರಘು ಇಳಿದು ಕಸದ ಅಂಚಿಗೆ ಹೋದ. ಅಜ್ಜಿಯೂ ಇಳಿದು ಬಂದಳು. ಬೇಡ ಎನ್ನಲಿಲ್ಲ. ಶಾಂತಮ್ಮ ಅರವತ್ತು ವರ್ಷ ತಡೆದದ್ದನ್ನು ಹಂದಿಯ ಬಾಯಿಗಾದರೂ ಹಾಕಿ ತಡೆಯಬಹುದು. ಎರಡನ್ನು ನದಿಗೆ ಬಿಡಬೇಕು, ನಡುವಿನದನ್ನು ಇಲ್ಲಿ. ಮುಚ್ಚಿದ್ದ ತಟ್ಟೆ ತೆಗೆದ.

ಉಂಡೆಗಳು ಉರುಳಿ ತಟ್ಟೆಯ ಒಂದು ಬದಿಗೆ ಬಂದು ಒಂದಕ್ಕೊಂದು ಅಂಟಿಕೊಂಡಿದ್ದವು. ಮೂರೂ ಒಂದೇ ಗಾತ್ರ. ಮೂರಕ್ಕೂ ಅದೇ ಎಳ್ಳು, ಅದೇ ಅಪ್ಪನ ಬೆರಳಿನ ಗುರುತು. ರಘು ತಟ್ಟೆಯನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ನೀರು ಬಿದ್ದದ್ದು ಯಾವುದರ ಮೇಲೆ ಎಂದು ಬೆರಳಿನಿಂದ ಒತ್ತಿ ನೋಡಿದ. ಎಲ್ಲವೂ ಒದ್ದೆಯಾಗಿದ್ದವು. ಹಿಂದಿನಿಂದ ಡ್ರೈವರ್ ಜಲ್ದಿ ಎಂದು ಹಾರ್ನ್ ಒತ್ತಿದ.

"ಯಾವುದು ನಿಮ್ಮಜ್ಜ?" ಎಂದಳು ಸುಶೀಲಮ್ಮ. "ಅವನನ್ನ ಎಸೆದುಬಿಟ್ಟೀಯಾ, ನೋಡಿ ಆರಿಸು."

ಹತ್ತಿರದ ಹಂದಿಯೊಂದು ಮೇಯುವುದನ್ನು ಬಿಟ್ಟು ಮೂತಿ ಎತ್ತಿ, ಅವನ ಕೈಯನ್ನೇ ನೋಡುತ್ತ ನಿಂತಿತು.